ದೀಪಕ್ಕೆ ಮೊದಲು ಜಾಗ

(ಕಾಮಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇಲ್ಲಿಂದ ಹೆಚ್ಚು ದೂರವಿಲ್ಲದ ಶಿವನಸಮುದ್ರದಲ್ಲಿ ಕಾವೇರಿಯ ನೀರು ವಿದ್ಯುತ್ತಾದದ್ದು 1902ರಲ್ಲಿ. ಆ ವರ್ಷದ ಜೂನ್ 30ರಂದು ಹೊರಟ ಕರೆಂಟು ಸುಮಾರು 92 ಮೈಲಿ ತಂತಿಯ ಮೇಲೆ ಸಾಗಿ ನೆಟ್ಟಗೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟ್ 5ರಂದು. ಹೊಳೆಯ ಈಚೆ ದಡದ ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; 1956ರವರೆಗೂ ಮೈಸೂರಿಗೆ ಬರಲಿಲ್ಲ. ಈ ಇತಿಹಾಸವನ್ನು ಅಭಿಮಾನಕ್ಕಾಗಿ ನೆನೆಯುವುದು ವಾಡಿಕೆ. ಇಂದು ಅದನ್ನು ಬೇರೆ ಕಾರಣಕ್ಕೆ ಎತ್ತಿಕೊಂಡಿದ್ದೇನೆ. ನಮ್ಮ ಹೊಳೆಯ ವಿದ್ಯುತ್ತು ಮೊದಲು ಕೆಲಸಕ್ಕೆ ಇಳಿದದ್ದು ಮನೆಯಂಗಳದಲ್ಲಲ್ಲ. ಶಾಖ, ತೇವ, ಸಿಡಿಮದ್ದು, ಕುಸಿಯುವ ಬಂಡೆ ಎಲ್ಲವೂ ಒಟ್ಟಿಗಿದ್ದ ಜಾಗದಲ್ಲಿ. ಅಂಥ ಜಾಗಕ್ಕೆ ಯಾವ ದೀಪ ತಕ್ಕದ್ದು ಎಂಬ ಪ್ರಶ್ನೆ ಅಂದಿನಷ್ಟೇ ಇಂದಿಗೂ ಜೀವಂತ. ಗಣಿ ಮುಚ್ಚಿದರೂ ಅದರ ಚಿಕ್ಕಪುಟ್ಟ ರೂಪಗಳು ನಮ್ಮ ಸುತ್ತಲೇ ಇವೆ: ಕುಂತೂರಿನ ಸಕ್ಕರೆ ಕಾರ್ಖಾನೆ, ಯಳಂದೂರು ಸೀಮೆಯ ಅಕ್ಕಿ ಗಿರಣಿ, ಹನೂರು ಕಡೆಯ ಮುಸುಕಿನ ಜೋಳದ ಗೋದಾಮು, ರೇಷ್ಮೆ ಬಿಚ್ಚಣಿಕೆಯ ಹಬೆ ತುಂಬಿದ ಕೊಠಡಿ, ಕರಿಕಲ್ಲಿನ ಕ್ವಾರಿ, ರಸ್ತೆಬದಿಯ ಪೆಟ್ರೋಲ್ ಬಂಕು.

ಈ ಹತ್ತು ವರ್ಷಗಳಲ್ಲಿ ಎಲ್‌ಇಡಿ ಬಲ್ಬು ಮನೆಮಾತಾಗಿದೆ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆಯೂ ನಮ್ಮ ರಾಜ್ಯದ ಹೊಸ ಬೆಳಕು ಯೋಜನೆಯೂ ಬಂದು, 9 ವಾಟ್‌ನ ಬಲ್ಬು ಕಡಿಮೆ ಬೆಲೆಗೆ ಮನೆಮನೆಗೆ ತಲುಪಿತು. ಹಳೆಯ ತಂತಿ ಬಲ್ಬು ಒಂದು ವಾಟ್‌ಗೆ ಹತ್ತು ಹದಿನೈದು ಲುಮೆನ್ ಬೆಳಕು ಕೊಟ್ಟರೆ ಎಲ್‌ಇಡಿ ನೂರಕ್ಕೂ ಮೇಲೆ ಕೊಡುತ್ತದೆ. ಬಿಲ್ಲು ಇಳಿಯುತ್ತದೆ, ಬಲ್ಬು ಬಾಳಿಕೆ ಬರುತ್ತದೆ. ಈ ಲಾಭದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಲಾಭದ ಜೊತೆಗೆ ಒಂದು ನಂಬಿಕೆಯೂ ಮನೆಯಿಂದ ಕಾರ್ಖಾನೆಗೆ ನಡೆದುಬಂದಿದೆ: ಎಲ್‌ಇಡಿ ತಣ್ಣನೆಯ ದೀಪ, ಆದ್ದರಿಂದ ಅದನ್ನು ಎಲ್ಲಿ ತೂಗುಹಾಕಿದರೂ ಸುರಕ್ಷಿತ. ಈ ನಂಬಿಕೆ ಅರೆಸತ್ಯ, ಅಪಾಯದ ಜಾಗದಲ್ಲಿ ಅದು ಸುಳ್ಳಿಗಿಂತ ಕೆಟ್ಟದ್ದು ಎಂಬುದೇ ನನ್ನ ವಾದ. ಸುರಕ್ಷತೆ ದೀಪದ ಜಾತಿಯಲ್ಲಿಲ್ಲ. ಆ ಜಾಗದ ಗಾಳಿಯಲ್ಲಿ ಏನಿದೆ, ಅದು ಎಲ್ಲಿ ಕೂರುತ್ತದೆ, ಸೂರಿನ ಕೆಳಗೆ ಎಷ್ಟು ಸೆಖೆ, ಅಲ್ಲಿ ದುಡಿಯುವ ಕಣ್ಣು ಏನನ್ನು ಕಾಣಬೇಕು ಎಂದು ಮೊದಲು ಓದಿಕೊಂಡು, ಆಮೇಲೆ ದೀಪ ಹುಡುಕಬೇಕು. ವಾಟ್ ಮತ್ತು ಬೆಲೆ ಕಟ್ಟಕಡೆಯ ಪ್ರಶ್ನೆಗಳು. ನಾವು ಕೊಳ್ಳುವಾಗ ಅವನ್ನೇ ಮೊದಲು ಕೇಳುತ್ತೇವೆ.

ದೀಪ ತಣ್ಣಗಿದೆಯೇ ಎಂಬುದನ್ನೇ ಮೊದಲು ನೋಡೋಣ. ಎಲ್‌ಇಡಿಯ ಬೆಳಕಿನ ಧಾರೆಗೆ ಕೈಯೊಡ್ಡಿದರೆ ಬಿಸಿ ತಾಗದು, ನಿಜ. ಆದರೆ ಒಳಗೆ ಹೋದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಇಂದಿಗೂ ಶಾಖವಾಗಿಯೇ ಹೊರಬರುತ್ತದೆ. ಅದು ಬರುವುದು ಬೆಳಕು ಸೂಸುವ ಎಲ್‌ಇಡಿ ಚಿಪ್ಪಿನ (ಚಿಪ್) ಬೆನ್ನಿಗೆ. ಆ ಶಾಖವನ್ನು ಹೊರಹಾಕಲೆಂದೇ ಹಿಂಬದಿಯಲ್ಲಿ ಅಲ್ಯುಮಿನಿಯಂ ರೆಕ್ಕೆಗಳಿವೆ. ಒಂದು ಅಕ್ಕಿ ಗಿರಣಿಯ ದೀಪವನ್ನು ಕೆಳಗಿಳಿಸಿ ನೋಡಿ: ರೆಕ್ಕೆಗಳ ನಡುವಿನ ಸಂದುಗಳಲ್ಲಿ ತೌಡಿನ ಪುಡಿ ಮೆತ್ತಿ, ಎಣ್ಣೆಯಂಶ ಸೇರಿ, ಬೆರಣಿಯಂತೆ ಗಟ್ಟಿಯಾಗಿರುತ್ತದೆ. ಗಾಳಿಯಾಡಬೇಕಾದ ಜಾಗದಲ್ಲಿ ಕಂಬಳಿ ಹೊದಿಸಿದ ಹಾಗಾಯಿತು. ಮೇಲೆ ತಗಡಿನ ಸೂರು, ಏಪ್ರಿಲ್ ಬಿಸಿಲು. ಡಬ್ಬದ ಮೇಲೆ ಬರೆದ ಐವತ್ತು ಸಾವಿರ ಗಂಟೆಯ ಆಯಸ್ಸನ್ನು ಸಾಮಾನ್ಯವಾಗಿ ಲೆಕ್ಕ ಹಾಕಿರುವುದು ಸುತ್ತಲಿನ ಗಾಳಿ 25 ಡಿಗ್ರಿ ಇದ್ದಾಗ. ದೀಪದೊಳಗೆ ವಿದ್ಯುತ್ತನ್ನು ಹದಗೊಳಿಸುವ ಡ್ರೈವರಿನ ಕೆಪಾಸಿಟರ್‌ಗಳ ಆಯಸ್ಸು ಹತ್ತು ಡಿಗ್ರಿ ಏರಿದಂತೆಲ್ಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನವರ ಸಾಮಾನ್ಯ ಲೆಕ್ಕ. ಬೇಗ ಸಾಯುವುದು ಬರೀ ಖರ್ಚಿನ ಮಾತಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಸಾಯುವಾಗ ಡ್ರೈವರ್ ಬಿಸಿಯಾಗುತ್ತದೆ, ಕೆಲವೊಮ್ಮೆ ಕಿಡಿ ಹಾರಿಸುತ್ತದೆ. ಬೆಳಕಿನ ಧಾರೆ ತಣ್ಣಗಿದ್ದ ಮಾತ್ರಕ್ಕೆ ಈ ಕಿಡಿ ತಣ್ಣಗಿರುವುದಿಲ್ಲ.

ಕಿಡಿಯಿಂದ ಏನಾದೀತು ಎಂಬುದು ಗಾಳಿಯನ್ನು ಅವಲಂಬಿಸಿದೆ. ಪೆಟ್ರೋಲು, ಗ್ಯಾಸು ಹೊತ್ತಿಕೊಳ್ಳುತ್ತವೆಂದು ಮಗುವಿಗೂ ಗೊತ್ತು. ಹಿಟ್ಟು, ಸಕ್ಕರೆ, ತೌಡು, ಅರಿಶಿನದ ಪುಡಿ ಸಿಡಿಯುತ್ತವೆ ಎಂದರೆ ದೊಡ್ಡವರೂ ನಗುತ್ತಾರೆ. ಒಂದು ಹಿಡಿ ಸಕ್ಕರೆಗೆ ಕಡ್ಡಿ ಗೀರಿದರೆ ಕರಗಿ ಕಪ್ಪಾಗುತ್ತದೆ, ಅಷ್ಟೆ. ಅದೇ ಸಕ್ಕರೆ ನುಣ್ಣನೆಯ ಧೂಳಾಗಿ ಮುಚ್ಚಿದ ಕೊಠಡಿಯ ಗಾಳಿಯಲ್ಲಿ ತೇಲುತ್ತಿದ್ದರೆ ಪ್ರತಿ ಕಣಕ್ಕೂ ಸುತ್ತ ಗಾಳಿ ಸಿಗುತ್ತದೆ; ಒಂದು ಹೊತ್ತಿದರೆ ಪಕ್ಕದ್ದು, ಅದರಿಂದ ಮುಂದಿನದು, ಕಣ್ಣೆವೆ ಇಕ್ಕುವುದರೊಳಗೆ ಕೊಠಡಿಯೇ ಒಡೆಯುತ್ತದೆ. 1785ರ ಡಿಸೆಂಬರಿನಲ್ಲಿ ಇಟಲಿಯ ಟ್ಯೂರಿನ್ ನಗರದ ಒಬ್ಬ ರೊಟ್ಟಿಯವನ ಉಗ್ರಾಣದಲ್ಲಿ ಆದದ್ದು ಇದೇ. ಹಿಟ್ಟು ಎಳೆಯುತ್ತಿದ್ದಾಗ ಎದ್ದ ಧೂಳು ಅಲ್ಲಿದ್ದ ದೀಪಕ್ಕೆ ತಾಗಿ ಸಿಡಿಯಿತು. ಮೊರೊಜ್ಜೊ ಎಂಬ ಕೌಂಟ್ ಅದನ್ನು ಪರಿಶೀಲಿಸಿ ಬರೆದಿಟ್ಟ ವರದಿ ಧೂಳಿನ ಸ್ಫೋಟದ ಮೊದಲ ಶಾಸ್ತ್ರೀಯ ದಾಖಲೆ ಎಂದು ಹೆಸರಾಗಿದೆ. ಆ ದಾಖಲೆಯಲ್ಲಿ ಕಿಚ್ಚು ಹಚ್ಚಿದ್ದು ಕೆಲಸಕ್ಕೆಂದು ಇಟ್ಟ ದೀಪವೇ ಎಂಬುದನ್ನು ಮರೆಯಬಾರದು. ನಮ್ಮ ಕಾಲಕ್ಕೆ ಬಂದರೆ, 2008ರ ಫೆಬ್ರವರಿ 7ರಂದು ಅಮೆರಿಕದ ಜಾರ್ಜಿಯಾ ರಾಜ್ಯದ ಪೋರ್ಟ್ ವೆಂಟ್‌ವರ್ತ್‌ನಲ್ಲಿ ಸಕ್ಕರೆ ಕಾರ್ಖಾನೆಯೊಂದು ಸಕ್ಕರೆ ಧೂಳಿನಿಂದಲೇ ಸಿಡಿದು 14 ಜನ ಸತ್ತರು.

ಹಾಗಾದರೆ ಜಾಗವನ್ನು ಓದುವುದು ಹೇಗೆ? ಇದಕ್ಕೆ ಅನೇಕ ದೇಶಗಳು ಒಪ್ಪಿದ, ಭಾರತೀಯ ಮಾನಕ ಬ್ಯೂರೋ ಕೂಡ ತನ್ನದಾಗಿಸಿಕೊಂಡ ಒಂದು ವಿಂಗಡಣೆಯಿದೆ. ಸ್ಫೋಟಕ ಅನಿಲ ಸದಾ ಇರುವ ಜಾಗ ವಲಯ ಸೊನ್ನೆ. ಕೆಲಸದ ನಡುವೆ ಆಗಾಗ ಬರಬಹುದಾದದ್ದು ವಲಯ 1. ಎಡವಟ್ಟಾದಾಗ ಮಾತ್ರ, ಅದೂ ಸ್ವಲ್ಪ ಹೊತ್ತು ಬರಬಹುದಾದದ್ದು ವಲಯ 2. ಧೂಳಿಗಾದರೆ ಇದೇ ಕ್ರಮದಲ್ಲಿ 20, 21, 22. ಈ ಅಂಕಿಗಳು ಕಾಗದದ ಮೇಲಿನ ಗೆರೆಗಳಲ್ಲ, ಒಂದೇ ಕಟ್ಟಡದಲ್ಲಿ ಮಾರು ಮಾರಿಗೆ ಬದಲಾಗುವ ಸಂಗತಿಗಳು. ಗ್ಯಾಸು ಎಲ್ಲಿ ಕೂರುತ್ತದೆ ಎಂಬುದನ್ನೇ ತೆಗೆದುಕೊಳ್ಳಿ. ಅಡುಗೆ ಅನಿಲ, ಪೆಟ್ರೋಲಿನ ಆವಿ, ಮದ್ಯಸಾರದ ಆವಿ ಗಾಳಿಗಿಂತ ಭಾರ. ನೆಲಕ್ಕಿಳಿದು ಗುಂಡಿ, ಚರಂಡಿ, ಕೇಬಲ್ ಕಾಲುವೆಗಳಲ್ಲಿ ಮಡುಗಟ್ಟುತ್ತವೆ. ಬ್ಯಾಟರಿ ಚಾರ್ಜ್ ಮಾಡುವ ಕೊಠಡಿಯ ಜಲಜನಕ ಹಗುರ. ಸೂರಿಗೆ ಏರಿ, ಸರಿಯಾಗಿ ದೀಪ ತೂಗುವ ಎತ್ತರದಲ್ಲೇ ಸೇರಿಕೊಳ್ಳುತ್ತದೆ. ಆದ್ದರಿಂದ ಗ್ಯಾಸಿನ ಪಂಪಿನ ಗುಂಡಿಯಲ್ಲಿ ತಗ್ಗಿನ ದೀಪ ಹೆಚ್ಚು ಅನುಮಾನದ್ದು, ಬ್ಯಾಟರಿ ಕೊಠಡಿಯಲ್ಲಿ ಎತ್ತರದ ದೀಪ.

ಧೂಳಿನ ಓದು ಇನ್ನೂ ಸೂಕ್ಷ್ಮ, ಏಕೆಂದರೆ ಧೂಳು ತೇಲುತ್ತದೆ, ಕೂರುತ್ತದೆ, ಮತ್ತೆ ಏಳುತ್ತದೆ. ತೇಲುವ ಪುಡಿ ಹೊತ್ತುವ ಬಿಸಿ ಬೇರೆ, ದೀಪದ ಮೈಮೇಲೆ ಕೂತ ಪದರ ಹೊಗೆಯಾಡುವ ಬಿಸಿ ಬೇರೆ. ಮಾನಕದ ನಿಯಮ ಹೀಗಿದೆ: ದೀಪದ ಹೊರಮೈ ಬಿಸಿ, ಮೋಡವಾಗಿ ತೇಲುವ ಪುಡಿ ಹೊತ್ತುವ ಬಿಸಿಯ ಮೂರರಲ್ಲಿ ಎರಡು ಪಾಲನ್ನು ಮೀರಬಾರದು; ಐದು ಮಿಲಿಮೀಟರ್ ಪದರ ಹೊತ್ತುವ ಬಿಸಿಗಿಂತ 75 ಡಿಗ್ರಿಯಷ್ಟು ಕೆಳಗೂ ಇರಬೇಕು; ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ಒಂದು ಪುಡಿ ಮೋಡವಾಗಿ 360 ಡಿಗ್ರಿಗೆ, ಪದರವಾಗಿ 250ಕ್ಕೆ ಹೊತ್ತುತ್ತದೆಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೊದಲ ನಿಯಮ 240ರವರೆಗೆ ಬಿಡುತ್ತದೆ, ಎರಡನೆಯದು 175ಕ್ಕೇ ತಡೆಯುತ್ತದೆ. ಅಂದರೆ ಅಪಾಯ ಗಾಳಿಯಲ್ಲಿ ಕಾಣುವ ಧೂಳಿಗಿಂತ ದೀಪದ ನೆತ್ತಿಯ ಮೇಲೆ ಯಾರೂ ನೋಡದ ಪದರದಲ್ಲಿ ಮೊದಲು ಹುಟ್ಟುತ್ತದೆ. ಅನಿಲದ ಜಾಗದ ದೀಪಗಳ ಮೇಲೆ ಟಿ1ರಿಂದ ಟಿ6ರವರೆಗೆ ಗುರುತು ಇರುತ್ತದೆ: ಟಿ1 ಎಂದರೆ ಮೈ ಬಿಸಿ 450 ಡಿಗ್ರಿವರೆಗೆ ಏರಬಹುದು, ಟಿ4 ಎಂದರೆ 135, ಟಿ6 ಎಂದರೆ 85. ಸುತ್ತಲಿನ ಗಾಳಿ ಎಷ್ಟು ಬಿಸಿಯಿರುವವರೆಗೆ ಇದು ಅನ್ವಯ ಎಂದೂ ದೀಪದ ಮೇಲೆ ಬರೆದಿರಬಹುದು; ಬರೆಯದಿದ್ದರೆ ಮಿತಿ 40 ಡಿಗ್ರಿ ಎಂದೇ ಅರ್ಥ. ಮಿತಿ 40 ಆಗಿದ್ದು ನಿಮ್ಮ ತಗಡಿನ ಕೆಳಗೆ 50 ಇದ್ದರೆ, ಆ ಪ್ರಮಾಣಪತ್ರ ನಿಮ್ಮ ಕಾರ್ಖಾನೆಗೆ ಬರೆದದ್ದಲ್ಲ.

ಇಲ್ಲಿ ಮಾರುಕಟ್ಟೆಯಲ್ಲಿ ತುಂಬ ಓಡಾಡುವ ಒಂದು ಗೊಂದಲವನ್ನು ಬಿಡಿಸಬೇಕು. ಐಪಿ66 ಎಂದು ಬರೆದ ದೀಪವನ್ನು ಸ್ಫೋಟಕ್ಕೂ ತಡೆ ಎಂದು ಮಾರುವವರೂ ಕೊಳ್ಳುವವರೂ ಇದ್ದಾರೆ. ಐಪಿಯ ಮೊದಲ ಅಂಕಿ ಧೂಳು ಒಳನುಗ್ಗದಿರುವುದನ್ನು, ಎರಡನೆಯದು ನೀರು ನುಗ್ಗದಿರುವುದನ್ನು ಹೇಳುತ್ತದೆ, ಅಷ್ಟೇ. ಕರಿಕಲ್ಲಿನ ಕ್ವಾರಿಯಲ್ಲಿ, ಮೈದೊಳೆಯುವ ಮಳೆಯಲ್ಲಿ ಅದು ಬೇಕೇ ಬೇಕು. ಕಲ್ಲಿನ ಧೂಳು ಸಿಡಿಯುವುದಿಲ್ಲ, ಅಲ್ಲಿ ಅಷ್ಟೇ ಸಾಕು. ಸ್ಫೋಟಕ ಜಾಗದ ದೀಪದ ತತ್ವ ಬೇರೆ. ಫ್ಲೇಮ್‌ಪ್ರೂಫ್ ಎಂಬ ಮಾತಿನ ಅರ್ಥ ಒಳಗೆ ಸ್ಫೋಟ ಆಗದು ಎಂದಲ್ಲ. ಅನಿಲ ಒಳಗೆ ಹೋಗಬಹುದು, ಅಲ್ಲೇ ಹೊತ್ತಲೂಬಹುದು. ಆದರೆ ದಪ್ಪ ಲೋಹದ ಪೆಟ್ಟಿಗೆ ಒಡೆಯದೆ ಅದನ್ನು ತಡೆದುಕೊಳ್ಳುತ್ತದೆ, ಮುಚ್ಚಳ ಮತ್ತು ಪೆಟ್ಟಿಗೆ ಕೂಡುವ ಅಗಲವಾದ ಅಂಚಿನ ಕೂದಲೆಳೆ ಸಂದಿನಲ್ಲಿ ಹಾಯ್ದು ಬರುವ ಉರಿ ಲೋಹಕ್ಕೆ ತನ್ನ ಬಿಸಿ ಬಿಟ್ಟುಕೊಟ್ಟು ತಣಿದು ಹೊರಬರುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿಯ ದೀಪಕ್ಕೆ ಸುತ್ತಿದ ತಂತಿಜಾಲರಿಯ ಹಿಂದಿನ ತತ್ವವೂ ಇದೇ. ಹೀಗೆ ನೋಡಿದರೆ ಆ ದೀಪದ ಜೀವ ಇರುವುದು ಅದರ ಚಿಪ್ಪಿನಲ್ಲಲ್ಲ, ಅದರ ಅಂಚಿನಲ್ಲಿ. ಎಂಟು ಬೋಲ್ಟಿನಲ್ಲಿ ಒಂದು ಕಳೆದುಹೋಯಿತೆಂದು ಏಳರಲ್ಲೇ ಬಿಗಿದರೆ, ಅಂಚಿಗೆ ಬಣ್ಣ ಬಳಿದರೆ, ತಂತಿ ಒಳಹೋಗುವ ಗ್ಲ್ಯಾಂಡ್ ಬದಲು ಬಟ್ಟೆಚೂರು ತುರುಕಿದರೆ, ಇನ್ನೊಂದು ದೀಪಕ್ಕೆ ಲೈನ್ ಕೊಡಲೆಂದು ಪೆಟ್ಟಿಗೆಗೆ ತೂತು ಕೊರೆದರೆ, ಮೇಲೆ ಅಚ್ಚಾದ ಪ್ರಮಾಣಪತ್ರದ ಸಂಖ್ಯೆ ಹಾಗೇ ಇರುತ್ತದೆ. ದೀಪ ಮಾತ್ರ ಸಾದಾ ದೀಪವಾಗಿರುತ್ತದೆ.

ಸ್ಫೋಟದ ಮಾತನ್ನು ಬದಿಗಿಟ್ಟರೂ ದೀಪದ ಕಷ್ಟಗಳು ಮುಗಿಯುವುದಿಲ್ಲ. ಅಲ್ಲಿಯೂ ಜಾಗವೇ ಮೊದಲು ಮಾತನಾಡುತ್ತದೆ. ಧಾನ್ಯದ ಗೋದಾಮಿನಲ್ಲಿ ಹುಳಕ್ಕೆಂದು ಇಡುವ ಮಾತ್ರೆಯಿಂದ ಬರುವ ಫಾಸ್ಫೀನ್ ಅನಿಲ ತಾಮ್ರವನ್ನು ತಿನ್ನುತ್ತದೆ. ಡ್ರೈವರಿನ ತಾಮ್ರದ ಗೆರೆಗಳೂ ಅದಕ್ಕೆ ಬಲಿ. ಗೊಬ್ಬರದ ಗ್ಯಾಸು, ಕೊಳಚೆ ನೀರಿನ ತೊಟ್ಟಿಗಳಿಂದ ಏಳುವ ಗಂಧಕದ ಅನಿಲ ಚಿಪ್ಪಿನೊಳಗಿನ ಬೆಳ್ಳಿಯ ಲೇಪವನ್ನು ಕಪ್ಪಾಗಿಸಿ ಬೆಳಕನ್ನು ಕುಗ್ಗಿಸುತ್ತದೆ. ಇನ್ನು ನಮ್ಮ ಸೀಮೆಯ ಹೆಸರಾದ ರೇಷ್ಮೆ. ಬಿಚ್ಚಣಿಕೆಯಲ್ಲಿ ಕುದಿನೀರಿನ ಬೇಸಿನ್ನಿನಿಂದ ಸದಾ ಹಬೆ ಏಳುತ್ತದೆ, ತಣ್ಣಗಾದ ದೀಪದೊಳಗೆ ಅದೇ ನೀರಾಗಿ ಇಳಿಯುತ್ತದೆ. ಅಲ್ಲಿ ಕೂತವರು ಎಂಟು ಹತ್ತು ಗೂಡುಗಳ ಎಳೆ ಕೂಡಿಸಿ ಒಂದು ನೂಲು ಮಾಡುತ್ತಾರೆ; ಒಂದು ಎಳೆ ಕಳಚಿದರೆ ತಕ್ಷಣ ಕಂಡು ಹೊಸ ಎಳೆ ಎಸೆಯಬೇಕು. ಬೇಸಿನ್ನಿನ ನೀರಿನ ಮೇಲೆ ಪ್ರತಿಫಲಿಸಿ ಕಣ್ಣು ಕುಕ್ಕುವ ದೀಪ ಎಷ್ಟು ಪ್ರಕಾಶವಾಗಿದ್ದರೂ ಆ ಎಳೆಯನ್ನು ತೋರಿಸದು. ಅಗ್ಗದ ಡ್ರೈವರಿನ ದೀಪ ಸೆಕೆಂಡಿಗೆ ನೂರು ಬಾರಿ ಮಿನುಗುತ್ತದೆ. ಕಣ್ಣಿಗೆ ಅದು ಕಾಣದು, ಆದರೆ ಅದರ ಕೆಳಗೆ ತಿರುಗುವ ರಾಟೆಯೋ ಪುಲ್ಲಿಯೋ ಲಯ ಕೂಡಿದಾಗ ನಿಂತಂತೆ ತೋರುತ್ತದೆ. ನಿಂತಿದೆ ಎಂದುಕೊಂಡು ಚಾಚಿದ ಕೈಗೆ ಏನಾದೀತೆಂದು ಹೇಳಬೇಕಿಲ್ಲ. ಸುರಕ್ಷತೆ ಎಂದರೆ ಸ್ಫೋಟ ಒಂದೇ ಅಲ್ಲ, ಸರಿಯಾಗಿ ಕಾಣುವುದೂ ಹೌದು. 1948ರ ಕಾರ್ಖಾನೆಗಳ ಕಾಯ್ದೆಯ 17ನೇ ಕಲಮು ಕೇಳಿದ್ದು ಸಾಕಷ್ಟು ಬೆಳಕನ್ನು ಮಾತ್ರವಲ್ಲ, ತಕ್ಕ ಬೆಳಕನ್ನು. ಕಣ್ಣು ಕುಕ್ಕುವುದನ್ನೂ ಅಪಘಾತಕ್ಕೆ ದಾರಿಯಾಗುವ ನೆರಳನ್ನೂ ತಡೆಯಬೇಕೆಂದು ಅದು ಬಾಯಿಬಿಟ್ಟೇ ಹೇಳಿತು.

ಈಗ ಎದುರುವಾದಗಳಿಗೆ ಬರುತ್ತೇನೆ. ಮೊದಲನೆಯದು ದುಡ್ಡಿನದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಫ್ಲೇಮ್‌ಪ್ರೂಫ್ ದೀಪದ ಬೆಲೆ ಸಾದಾ ದೀಪದ ಹಲವು ಪಟ್ಟು. ನಾಲ್ಕು ಜನ ದುಡಿಯುವ ಹಿಟ್ಟಿನ ಗಿರಣಿಯವರು ಎಲ್ಲಿಂದ ತರಬೇಕು? ಜಾಗವನ್ನು ಓದುವುದರ ನಿಜವಾದ ಲಾಭ ಅವರಿಗೇ ಇದೆ ಎಂಬುದು ನನ್ನ ಉತ್ತರ. ಓದದವರು ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ಹೆದರಿ ಎಲ್ಲ ಕಡೆಗೂ ದುಬಾರಿ ದೀಪ ಹಾಕುತ್ತಾರೆ, ಅಥವಾ ಖರ್ಚಿಗೆ ಅಂಜಿ ಎಲ್ಲೂ ಹಾಕುವುದಿಲ್ಲ. ಓದಿದವರಿಗೆ ಮೂರನೆಯ ದಾರಿ ಕಾಣುತ್ತದೆ. ದೀಪವನ್ನು ಅಪಾಯದ ಕೊಠಡಿಯಿಂದ ಹೊರಗಿಟ್ಟು, ಗೋಡೆಗೆ ಭದ್ರವಾಗಿ ಕೂರಿಸಿದ ಗಾಜಿನ ಮೂಲಕ ಬೆಳಕು ಒಳಗೆ ಬಿಡಬಹುದು. ಸೂರಿಗೆ ಪಾರದರ್ಶಕ ಹಾಳೆ ಹಾಕಿದರೆ ಹಗಲಿಡೀ ಸೂರ್ಯನೇ ದೀಪ. ಧೂಳು ಹುಟ್ಟುವ ಬಾಯಿಗೆ ಮುಚ್ಚಿಗೆ, ಹೀರುವ ಕೊಳವೆ ಕೊಟ್ಟರೆ, ವಾರಕ್ಕೊಮ್ಮೆ ತೊಲೆಯ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ, 21 ಆಗಿದ್ದ ಜಾಗ 22 ಆಗಬಹುದು, 22 ಆಗಿದ್ದದ್ದು ವಲಯದಿಂದಲೇ ಹೊರಬೀಳಬಹುದು. ಪೊರಕೆಯಿಂದ ಗುಡಿಸಿದರೆ, ಗಾಳಿ ಬೀಸಿ ಊದಿದರೆ ಕೂತ ಧೂಳೇ ಮೋಡವಾಗಿ ಏಳುತ್ತದೆ, ಅದು ಬೇಡ. ಒದ್ದೆ ಬಟ್ಟೆಗೆ ಎಷ್ಟು ಖರ್ಚು?

ಎರಡನೆಯ ವಾದ ಅನುಭವದ್ದು: ಮೂವತ್ತು ವರ್ಷದಿಂದ ಇದೇ ದೀಪ, ಏನೂ ಆಗಿಲ್ಲ. ಧೂಳು ಸಿಡಿಯಲು ಐದು ಸಂಗತಿ ಒಂದೇ ಗಳಿಗೆಯಲ್ಲಿ ಕೂಡಬೇಕು: ಉರಿಯುವ ಪುಡಿ, ಗಾಳಿ, ಅದು ತೇಲುವುದು, ಮುಚ್ಚಿದ ಜಾಗ, ಕಿಡಿ. ಇವುಗಳಲ್ಲಿ ನಾಲ್ಕು ಪ್ರತಿದಿನ ಇದ್ದು ಐದನೆಯದು ಬಾರದಿದ್ದರೆ ಮೂವತ್ತು ವರ್ಷ ಏನೂ ಆಗುವುದಿಲ್ಲ. ಆ ಪೋರ್ಟ್ ವೆಂಟ್‌ವರ್ತ್ ಕಾರ್ಖಾನೆ ಸುಮಾರು ತೊಂಬತ್ತು ವರ್ಷ ಸಕ್ಕರೆ ಮಾಡಿತ್ತು. ಸ್ಫೋಟದ ಹಿಂದಿನ ವರ್ಷ ಸಕ್ಕರೆ ಸಾಗಿಸುವ ಒಂದು ಪಟ್ಟಿಯ ಸುತ್ತ ತಗಡಿನ ಮುಚ್ಚಿಗೆ ಹಾಕಿದರು, ಧೂಳು ಹೀರುವ ವ್ಯವಸ್ಥೆ ಮಾಡಲಿಲ್ಲ. ಮೊದಲು ಸುತ್ತ ಚದುರುತ್ತಿದ್ದ ಧೂಳು ಮುಚ್ಚಿಗೆಯ ಒಳಗೇ ದಟ್ಟವಾಯಿತು. ಅಲ್ಲಿ ಕಿಡಿ ಹಚ್ಚಿದ್ದು ದೀಪವಲ್ಲ, ಬಿಸಿಯಾದ ಬೇರಿಂಗ್ ಇರಬಹುದೆಂದು ತನಿಖೆ ಹೇಳಿತು. ಆದರೆ ಪಾಠ ದೀಪಕ್ಕೂ ಸಲ್ಲುತ್ತದೆ: ಮೂವತ್ತು ವರ್ಷದ ಅನುಭವ ಮೂವತ್ತು ವರ್ಷದ ಹಿಂದಿನ ಜಾಗದ್ದು. ನಡುವೆ ಒಂದು ಯಂತ್ರ ಬಂದಿರುತ್ತದೆ, ಒಂದು ಕಿಟಕಿ ಮುಚ್ಚಿರುತ್ತದೆ, ಒಂದು ಅಟ್ಟ ಎದ್ದಿರುತ್ತದೆ. ಜಾಗ ಬದಲಾದಾಗಲೆಲ್ಲ ಓದು ಹೊಸದಾಗಬೇಕು.

ಮೂರನೆಯದು, ಇದನ್ನೆಲ್ಲ ನೋಡಿಕೊಳ್ಳಲು ಕಾನೂನು, ಇಲಾಖೆ ಇವೆಯಲ್ಲ ಎಂಬ ಮಾತು. ಇವೆ. ಪೆಟ್ರೋಲಿಯಂ ಇರುವ ಜಾಗದ ದೀಪಕ್ಕೆ ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಸೋ ಸಂಸ್ಥೆಯ ಒಪ್ಪಿಗೆ ಬೇಕು. ಗಣಿಗೆ ಧನಬಾದಿನ ಗಣಿ ಸುರಕ್ಷತಾ ನಿರ್ದೇಶನಾಲಯವಿದೆ. ಅದೇ 1948ರ ಕಾಯ್ದೆಯ 36ಎ ಕಲಮು ತೊಟ್ಟಿ, ಟ್ಯಾಂಕು, ಗುಂಡಿಗಳೊಳಗೆ ಸೂಕ್ತ ರಕ್ಷಣೆಯಿಲ್ಲದೆ 24 ವೋಲ್ಟ್ ಮೀರಿದ ಕೈದೀಪ ಒಯ್ಯಬಾರದೆಂದು, ಹೊತ್ತುವ ಅನಿಲ ಇರಬಹುದಾದಲ್ಲಿ ಫ್ಲೇಮ್‌ಪ್ರೂಫ್ ಬಿಟ್ಟು ಬೇರೆ ದೀಪ ಕೂಡದೆಂದು ಬರೆಯಿತು. ಆದರೆ ವಿದ್ಯುತ್ ಬಳಸಿ ಹತ್ತು ಜನಕ್ಕಿಂತ ಕಡಿಮೆ ದುಡಿಯುವ ಘಟಕಗಳು ಸಾಮಾನ್ಯವಾಗಿ ಆ ಕಾಯ್ದೆಯ ಹೊರಗೇ ಉಳಿದವು. ನಮ್ಮ ಹಳ್ಳಿಗಳ ಗಿರಣಿ, ಬಿಚ್ಚಣಿಕೆ, ಪುಡಿ ಮಾಡುವ ಮಿಲ್ಲುಗಳಲ್ಲಿ ಅನೇಕವು ಅಂಥವೇ. ಧೂಳು ಆಳುಗಳನ್ನು ಎಣಿಸಿ ಸಿಡಿಯುವುದಿಲ್ಲ. ಮೇಲಾಗಿ ಕಾನೂನು ಪ್ರಮಾಣಪತ್ರ ಕೊಡುವುದು ದೀಪಕ್ಕೆ. ಏಣಿ ಹತ್ತಿ ಎಂಟನೆಯ ಬೋಲ್ಟನ್ನು ಬಿಗಿಯಬೇಕಾದವರು ಇಲ್ಲಿಯವರೇ.

ಇಷ್ಟರ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ, ಅದು ನನ್ನ ವಾದಕ್ಕೇ ತಿರುಗುಬಾಣ: ಸರಿಯಾದ ದೀಪ ಹಾಕಿದ ಮೇಲೆ ಜನ ಮೈಮರೆಯುವುದಿಲ್ಲವೇ? ಮರೆಯುತ್ತಾರೆ, ಇತಿಹಾಸವೇ ಸಾಕ್ಷಿ. 1812ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲ ಗಣಿಯಲ್ಲಿ 92 ಮಂದಿ ಸತ್ತ ಸ್ಫೋಟವೇ ಡೇವಿಯಂಥವರನ್ನು ಸುರಕ್ಷಾ ದೀಪದ ಕಡೆಗೆ ತಿರುಗಿಸಿತು. ದೀಪ ಬಂದ ಮೇಲೆ ಗಣಿ ಮಾಲೀಕರು, ಅನಿಲ ಹೆಚ್ಚೆಂದು ಬಿಟ್ಟಿದ್ದ ಸುರಂಗಗಳಿಗೂ ಜನರನ್ನು ಇಳಿಸಿದರು. ಜಾಲರಿ ಹರಿದಿದ್ದರೂ ದೀಪ ಕೈಯಲ್ಲಿದೆಯೆಂಬ ಧೈರ್ಯ ಹರಿಯಲಿಲ್ಲ, ಗಾಳಿ ಆಡಿಸುವ ಖರ್ಚು ಹಿಂದೆ ಬಿತ್ತು, ಸ್ಫೋಟಗಳು ನಿಲ್ಲಲಿಲ್ಲ. ಆ ತಪ್ಪಿಗೆ ಡೇವಿಯ ದೀಪ ಹೊಣೆಯಲ್ಲ. ಜಾಗದ ಬದಲು ದೀಪವನ್ನು ನಂಬಿದ್ದು ಹೊಣೆ. ತಣ್ಣನೆಯ ಎಲ್‌ಇಡಿಯ ಮೇಲೆ ನಾವು ಇಂದು ಇಡುತ್ತಿರುವ ನಂಬಿಕೆಯೂ ಅದೇ ಬಗೆಯದು ಎಂಬುದಕ್ಕಾಗಿ ಇಷ್ಟು ದೂರದ ಕಥೆಯನ್ನು ಕಾಮಗೆರೆಗೆ ತಂದೆ.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದ ಕೆಲಸ ಗಿರಣಿಯೊಳಗೇ ಇದೆ. ಕೆಲಸ ನಿಂತ ಹೊತ್ತಿನಲ್ಲಿ ಮೇನ್ ಸ್ವಿಚ್ ಇಳಿಸಿ, ಏಣಿ ಇಟ್ಟು, ಹಳೆಯ ದೀಪದ ನೆತ್ತಿಯ ಮೇಲೆ ಬೆರಳು ಎಳೆದು ನೋಡಿ. ಬೆರಳಿಗೆ ಏನು ಹತ್ತಿತು, ಎಷ್ಟು ದಪ್ಪ, ಅದು ಉರಿಯುವಂಥದ್ದೇ, ಎಲ್ಲಿಂದ ಬಂತು ಎಂದು ಬರೆದಿಟ್ಟುಕೊಳ್ಳಿ. ಮಧ್ಯಾಹ್ನ ಮೂರರ ಹೊತ್ತಿಗೆ ಆ ಎತ್ತರದಲ್ಲಿ ಒಂದು ಥರ್ಮಾಮೀಟರ್ ತೂಗುಹಾಕಿ. ಆ ಚೀಟಿಯೊಂದಿಗೆ ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ ಎಷ್ಟು ವಾಟ್ ಎಂಬುದಾಗಿರುವುದಿಲ್ಲ.